ಗುಪ್ತಾಂಗದಲ್ಲಿ ಗುಳ್ಳೆಯೇ? ಟ್ಯೂಬ್ ಹಚ್ಚುವ ಮುಂಚೆ ಒಮ್ಮೆ ನೋಡಿ

ಸ್ನಾನ ಮಾಡುವಾಗ ಕೈಗೆ ಏನೋ ಗುಳ್ಳೆ ತಗುಲುತ್ತದೆ. ನಿನ್ನೆ ಇತ್ತೋ ಇಲ್ಲವೋ ನೆನಪಿಲ್ಲ, ಮನೆಯಲ್ಲಿ ಹೇಳಲು ಸಂಕೋಚ. ಸಂಜೆ ಮೆಡಿಕಲ್ ಶಾಪ್‌ನಲ್ಲಿ ಜನ ಕರಗುವವರೆಗೆ ಕಾದು, ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎಂದು ಪಿಸುಗುಡುತ್ತೇವೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಅಂಥ ಟ್ಯೂಬುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಬೆರೆತವು. ಎರಡು ದಿನ ತುರಿಕೆ ಅಡಗುತ್ತದೆ, ಸೋಂಕು ಮಾತ್ರ ಹರಡುತ್ತಲೇ ಇರುತ್ತದೆ. ಗುಳ್ಳೆಯ ರೂಪವೂ ಬದಲಾಗಿ ವೈದ್ಯರಿಗೇ ಗುರುತು ಸಿಗುವುದಿಲ್ಲ.

ಕೈ ತೊಳೆದುಕೊಂಡು, ಒಳ್ಳೆಯ ಬೆಳಕಿನಲ್ಲಿ ನೋಡಿ. ಹೆಂಗಸರಾದರೆ ಕೈಗನ್ನಡಿ ಇಟ್ಟುಕೊಳ್ಳಿ. ಹಿಚುಕಬೇಡಿ.

ಮೊದಲು ಗಮನಿಸಬೇಕಾದದ್ದು, ಎಲ್ಲವೂ ಒಂದೇ ಅಳತೆಯಲ್ಲಿವೆಯೇ ಎಂದು. ಶಿಶ್ನದ ತಲೆಯ ಅಂಚಿನುದ್ದಕ್ಕೂ 1–2 ಮಿ.ಮೀ. ಮಣಿಗಳನ್ನು ಪೋಣಿಸಿದಂತಿದ್ದರೆ ಅದು ರೋಗವಲ್ಲ, ಮೈಯ ರಚನೆ. ಶಿಶ್ನದ ಚರ್ಮದಲ್ಲೋ ಯೋನಿಯ ತುಟಿಗಳಲ್ಲೋ ರವೆ ಕಾಳಿನಂತೆ ಹಳದಿ ಮಿಶ್ರಿತ ಬಿಳಿ ಚುಕ್ಕೆಗಳಿದ್ದರೆ ಅವು ಎಣ್ಣೆ ಗ್ರಂಥಿಗಳು. ಫೋರ್ಡೈಸ್ ಚುಕ್ಕೆ ಎನ್ನುತ್ತಾರೆ. ಇವೆರಡೂ ಯಾರಿಗೂ ಅಂಟುವುದಿಲ್ಲ.

ಎರಡನೆಯದು, ಗುಳ್ಳೆಯ ನಡುವೆ ಕೂದಲಿದೆಯೇ? ಎರಡು ಮೂರು ದಿನದ ಹಿಂದೆ ರೇಜರ್ ಆಡಿಸಿದ್ದರೆ ಬಹುಶಃ ಕೂದಲ ಬುಡದ ಕೀವುಗುಳ್ಳೆ. ರೇಜರ್ ಬಿಡಿ, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯ ಕಾವು ಕೊಡಿ. ವಾರದಲ್ಲಿ ಇಳಿಯದಿದ್ದರೆ ತೋರಿಸಿ.

ಇನ್ನುಳಿದವನ್ನು ಮನೆಯಲ್ಲೇ ತೀರ್ಮಾನಿಸಬೇಡಿ. ನಯವಾದ ಗುಳ್ಳೆಯ ನೆತ್ತಿಯಲ್ಲಿ ಹೊಕ್ಕುಳಿನಂಥ ಗುಳಿ ಇದ್ದರೆ ಮೊಲ್ಲಸ್ಕಮ್ ಎಂಬ ವೈರಸ್ ಸೋಂಕು. ಹೂಕೋಸಿನಂತೆ ಒರಟಾಗಿ ಬೆಳೆದರೆ ನರುಳ್ಳೆ. ಹೆಚ್ಚಾಗಿ ಎಚ್‌ಪಿವಿ ಎಂಬ ವೈರಸ್‌ನ 6 ಮತ್ತು 11ನೇ ತಳಿಗಳಿಂದ ಬರುವಂಥದ್ದು. ಕೈಮೇಲಿನ ನರುಳ್ಳೆಗೆ ಸುಣ್ಣ ಹಚ್ಚುವ ಅಭ್ಯಾಸವನ್ನು ದಯವಿಟ್ಟು ಇಲ್ಲಿಗೆ ತರಬೇಡಿ, ಚರ್ಮ ಸುಟ್ಟು ಹುಣ್ಣಾಗುತ್ತದೆ. ರಾತ್ರಿ ತುರಿಕೆ ಜೋರಾಗಿ, ಬೆರಳ ಸಂದಿನಲ್ಲೂ ಗುಳ್ಳೆಗಳಿದ್ದರೆ ಕಜ್ಜಿ. ಮನೆಮಂದಿಗೆಲ್ಲ ಒಟ್ಟಿಗೇ ಔಷಧಿ ಬೇಕು. ಗುಂಪುಗುಂಪಾಗಿ ಉರಿಯುವ ನೀರುಗುಳ್ಳೆ ಹರ್ಪಿಸ್ ಎಂಬ ವೈರಸ್ ಸೋಂಕು ಇರಬಹುದು. ಒಡೆಯುವ ಮುಂಚೆಯೇ ತೋರಿಸಿದರೆ ಪತ್ತೆ ಸುಲಭ.

ನೋವಿದ್ದರೆ ಹೇಗೂ ಓಡುತ್ತೇವೆ. ಮೋಸ ಮಾಡುವುದು ನೋವೇ ಇಲ್ಲದ ಹುಣ್ಣು. ಲೈಂಗಿಕ ಸಂಪರ್ಕವಾಗಿ ಸುಮಾರು 3 ವಾರಕ್ಕೆ, ಬುಡ ಗಟ್ಟಿಯಾದ ಒಂದೇ ಹುಣ್ಣು ಎದ್ದರೆ ಸಿಫಿಲಿಸ್ ಎಂದು ಅನುಮಾನಿಸಬೇಕು. ಮದ್ದಿಲ್ಲದೆಯೂ 3ರಿಂದ 6 ವಾರದಲ್ಲಿ ಅದು ಮಾಯುತ್ತದೆ. ಮಾಯುವುದು ಹುಣ್ಣು ಮಾತ್ರ, ರೋಗ ರಕ್ತದಲ್ಲೇ ಉಳಿದಿರುತ್ತದೆ. ರಕ್ತಪರೀಕ್ಷೆಯಲ್ಲಿ ಗೊತ್ತಾದರೆ ಪೆನಿಸಿಲಿನ್ ಇಂಜೆಕ್ಷನ್‌ನಿಂದ ಗುಣವಾಗುತ್ತದೆ.

ಜ್ವರ, ತೊಡೆಸಂದಿಯಲ್ಲಿ ಗಡ್ಡೆ, ಮೂತ್ರ ಕಟ್ಟುವುದು, ಬೇಗ ಹರಡುವ ಕೆಂಪು ಊತ ಇದ್ದರೆ, ಅಥವಾ ನೀವು ಗರ್ಭಿಣಿಯಾಗಿದ್ದರೆ ಅವತ್ತೇ ಹೋಗಿ. ರಕ್ತ ಒಸರುವ, ಬೆಳೆಯುತ್ತಲೇ ಇರುವ ಗಂಟನ್ನೂ ಮುಂದೂಡಬೇಡಿ. ಜಿಲ್ಲಾಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ ಇರುವುದೇ ಇದಕ್ಕೆ, ಚಿಕಿತ್ಸೆ ಉಚಿತ. ಕೇಳಿ ತಿಳಿಯಲು ಸಹಾಯವಾಣಿ 1097. ಸಂಗಾತಿಯನ್ನೂ ಕರೆದೊಯ್ಯಿರಿ. ಗುಳ್ಳೆ ಎದ್ದ ದಿನ ಬರೆದಿಟ್ಟುಕೊಳ್ಳಿ. ಈಗಾಗಲೇ ಟ್ಯೂಬ್ ಹಚ್ಚಿಬಿಟ್ಟಿದ್ದರೆ ಮುಚ್ಚಿಡಬೇಡಿ, ಅದನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸಿ.