ಬಸ್ ಸೀಟಿನ ಟವೆಲ್, ಕ್ಯಾನ್ಸರ್ ಕೋಶದ ಪ್ರೋಟೀನ್

ಬಾಗಲಕೋಟೆ ಬಸ್ ಸ್ಟ್ಯಾಂಡಿಗೆ ಇಳಕಲ್ ಬಸ್ ಬಂದರೆ ಸಾಕು, ಕಿಟಕಿಯಿಂದ ಒಳಗೆ ಟವೆಲ್ ಬೀಳುತ್ತದೆ. ಸೀಟು ಖಾಲಿಯೇ, ಆದರೆ ಕೂರುವಂತಿಲ್ಲ. ನಮ್ಮ ಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಆರ್ಜಿನಿನ್ ಎಂಬ ಅಮೈನೊ ಆಮ್ಲದಿಂದ ದೇಹವೇ ತಯಾರಿಸಿಕೊಳ್ಳುವ ಅನಿಲ ಇದು. ರಕ್ತನಾಳ ಸಡಿಲಾಗಲಿ ಎಂಬ ಸುದ್ದಿ ಮುಟ್ಟಿಸುವುದು ಇದೇ ಅಂತ ತೋರಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಪ್ರೋಟೀನಿನಲ್ಲಿರುವ ಸಿಸ್ಟೀನ್ ಎಂಬ ಅಮೈನೊ ಆಮ್ಲದ ಗಂಧಕವೇ ಇದರ ಸೀಟು, ಅಲ್ಲಿ ಅಂಟಿ ಕೂತ ನೈಟ್ರಿಕ್ ಆಕ್ಸೈಡೇ ಟವೆಲ್. ಅಲ್ಲಿ ಟವೆಲ್ ಬಿದ್ದರೆ ಪ್ರೋಟೀನಿನ ಕೆಲಸವೇ ಬದಲಾಗಬಹುದು. ಕೋಶವನ್ನು ಸಾಯಿಸಬೇಕಾದ ಕ್ಯಾಸ್ಪೇಸ್-3 ಸುಮ್ನಾಗುತ್ತದೆ. ಬೆಳೆ ಬೆಳೆ ಎನ್ನುವ ರಾಸ್ ಪ್ರೋಟೀನ್, ಅದರ 118ನೇ ಸಿಸ್ಟೀನ್‌ಗೆ ಟವೆಲ್ ಬಿದ್ದರೆ, ಚುರುಕಾಗುತ್ತದೆ. ಕ್ಯಾನ್ಸರ್ ಕೋಶಕ್ಕೆ ಇನ್ನೇನು ಬೇಕು? ಹಾಗಂತ ಅನಿಲವನ್ನೇ ಬೈಯಬೇಡಿ. ತೀರಾ ಜಾಸ್ತಿಯಾದರೆ ಅದೇ ಕೋಶವನ್ನು ಕೊಲ್ಲಲೂಬಹುದು.

ಟವೆಲ್ ಯಾವ ಪ್ರೋಟೀನಿನ ಮೇಲಿದೆ ಅಂತ ಹುಡುಕಲು 2001ರಲ್ಲಿ ಬಯೋಟಿನ್ ಸ್ವಿಚ್ ಎಂಬ ವಿಧಾನ ಬಂತು. ಟವೆಲ್ ಎತ್ತಿ, ಆ ಜಾಗದಲ್ಲಿ ಬಯೋಟಿನ್ ಎಂಬ ವಿಟಮಿನ್ ಅನ್ನು ಗುರುತಾಗಿ ಕೂರಿಸುವುದೇ ಇದರ ಉಪಾಯ. ಬೆಳಗಾವಿ, ವಿಜಯಪುರದ ಲ್ಯಾಬುಗಳಲ್ಲಿ ಬೆಂಚಿಗೆ ನಿಲ್ಲುವ ಎಂ.ಎಸ್‌ಸಿ. ಹುಡುಗ ಹುಡುಗಿಯರೇ, ಹೀಗೆ ಮಾಡಿ.

ಮೊದಲು ಕಿಟಕಿ ಪರದೆ ಎಳೆಯಿರಿ. ಬಿಸಿಲು ಬಿದ್ದರೆ ಟವೆಲ್ ತಾನಾಗೇ ಹಾರಿಹೋಗುತ್ತದೆ. ನಮ್ಮ ಕಡೆಯ ಬಿಸಿಲು ಗೊತ್ತಲ್ವಾ!

ಈಗ ಕೋಶ ಒಡೆದು ತೆಗೆದ ಪ್ರೋಟೀನಿಗೆ ಎಂಎಂಟಿಎಸ್ ಮತ್ತು ಎಸ್‌ಡಿಎಸ್ ಎಂಬ ಎರಡು ರಾಸಾಯನಿಕ ಸೇರಿಸಿ, 50 ಡಿಗ್ರಿಯಲ್ಲಿ 20 ನಿಮಿಷ ಇಡಿ. ನಡುನಡುವೆ ಅಲುಗಾಡಿಸಿ. ಎಸ್‌ಡಿಎಸ್ ಪ್ರೋಟೀನಿನ ಮಡಿಕೆ ಬಿಚ್ಚುತ್ತದೆ, ಎಂಎಂಟಿಎಸ್ ಖಾಲಿ ಸೀಟುಗಳ ಮೇಲೆಲ್ಲ ಚೀಲ ಇಡುತ್ತದೆ. ಇಡೀ ಪ್ರಯೋಗ ನಿಂತಿರುವುದು ಇಲ್ಲೇ, ಅವಸರ ಬೇಡ. ಉಳಿದ ಎಂಎಂಟಿಎಸ್ ಅನ್ನು ಅಸಿಟೋನ್‌ನಿಂದ ತೊಳೆದು ತೆಗೆಯಿರಿ.

ಆಮೇಲೆ ಆಸ್ಕಾರ್ಬೇಟ್, ಅಂದರೆ ನಿಂಬೆಹಣ್ಣಿನಲ್ಲಿರುವ ವಿಟಮಿನ್ ಸಿ. ಇದು ಟವೆಲ್ ಎತ್ತುತ್ತದೆ, ಚೀಲ ಮುಟ್ಟುವುದಿಲ್ಲ. ಜೊತೆಗೇ ಬಯೋಟಿನ್-ಎಚ್‌ಪಿಡಿಪಿ, ಅಂದರೆ ಖಾಲಿ ಗಂಧಕಕ್ಕೆ ಅಂಟುವ ಬಯೋಟಿನ್, ಹಾಕಿ ಒಂದು ತಾಸು ಬಿಡಿ. ತೆರವಾದ ಸೀಟಿನಲ್ಲಿ ಕೆಂಪು ಪಟಗದವರು ಬಂದು ಕೂತಂತೆ ಬಯೋಟಿನ್ ಕೂರುತ್ತದೆ. ಇನ್ನು ಪಟಗ ಎಣಿಸಿದರಾಯಿತು.

ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ಗೆ ಹಾಕುವಾಗ, ಗಂಧಕದ ಕೊಂಡಿ ಕಳಚುವ ಮರ್ಕ್ಯಾಪ್ಟೊಎಥನಾಲ್ ಅನ್ನು ರೂಢಿಯಂತೆ ಸೇರಿಸಬೇಡಿ. ನಾನು ಸೇರಿಸಿದ್ದೆ. ಬಯೋಟಿನ್ ಎಲ್ಲ ಕಳಚಿಹೋಗಿ, ಎರಡು ದಿನದ ಕೆಲಸಕ್ಕೆ ಸಿಕ್ಕಿದ್ದು ಬಿಳೀ ಹಾಳೆ. ಕ್ಯಾಸ್ಪೇಸ್-3 ಒಂದನ್ನೇ ನೋಡುವುದಿದ್ದರೆ ಮಾತು ಬೇರೆ. ಆಗ ಬಯೋಟಿನ್ ಹತ್ತಿದ್ದನ್ನೆಲ್ಲ ಸ್ಟ್ರೆಪ್ಟಾವಿಡಿನ್ ಮಣಿಗಳಿಂದ ಹಿಡಿದು, ತೊಳೆದು, ಇದೇ ಮರ್ಕ್ಯಾಪ್ಟೊಎಥನಾಲ್‌ನಿಂದ ಬಿಡಿಸಿಕೊಳ್ಳಬೇಕು.

ಆಸ್ಕಾರ್ಬೇಟ್ ಹಾಕದ ಒಂದು ಟ್ಯೂಬನ್ನು ಪಕ್ಕದಲ್ಲೇ ನಡೆಸಿ. ಅಲ್ಲಿ ಟವೆಲ್ ಏಳುವುದಿಲ್ಲ, ಹಾಗಾಗಿ ಬಯೋಟಿನ್ ಪಟ್ಟಿ ಕಾಣಬಾರದು. ಅದರಲ್ಲೂ ಪಟ್ಟಿ ಕಂಡರೆ ಹಿಗ್ಗಬೇಡಿ. ಅದು ಹುಟ್ಟಿನಿಂದಲೇ ಬಯೋಟಿನ್ ಹೊತ್ತ ಪ್ರೋಟೀನ್ ಇರಬಹುದು, ಇಲ್ಲವೇ ನೀವು ಚೀಲ ಇಡಲು ಮರೆತ ಸೀಟು.