ಮಂಡ್ಯದ ಹುಡುಗ ರೇಡಿಯೋ ಮಾತು ಕಲಿತದ್ದು

ಪೈಲಟ್ ಆಗಬೇಕು ಅನ್ನುವ ನಮ್ಮ ಕಡೆಯ ಹುಡುಗರು ಫೋನ್ ಮಾಡಿದಾಗ ಮೊದಲು ಕೇಳುವುದು ಫೀಸು. ಆಮೇಲೆ, "ಅಣ್ಣ, ನಂಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ನಡೆಯುತ್ತಾ?" ನಾನೂ ಮಂಡ್ಯದಲ್ಲಿ ಕನ್ನಡ ಮೀಡಿಯಂ ಓದಿದವನೇ. ಮೈಸೂರಿನ ಮಂಡಕಳ್ಳಿಯಲ್ಲಿ ಹಾರಾಟ ಕಲಿಯೋಕೆ ಸೇರಿದಾಗ ಅದೇ ಭಯ ಇತ್ತು. ಇಂಗ್ಲಿಷ್ ಹೇಗೋ ಬಂತು. ನಿಜವಾಗಿ ಕಾಡಿದ್ದು ನಮ್ಮ ದಾಕ್ಷಿಣ್ಯ. ಅರ್ಥವಾಗದಿದ್ದರೂ "ಹ್ಞೂಂ ಸಾರ್" ಅಂತ ತಲೆಯಾಡಿಸುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಮೇಷ್ಟ್ರಿಗೆ ಹ್ಞೂಂ, ಡಾಕ್ಟರಿಗೆ ಹ್ಞೂಂ.

ವಿಮಾನದಲ್ಲಿ ಅದು ನಡೆಯಲ್ಲ. ಟವರ್‌ನವರು, ಅಂದರೆ ನಿಲ್ದಾಣದಿಂದ ರೇಡಿಯೋದಲ್ಲಿ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್‌ಗಳು, ಹೇಳಿದ ರನ್‌ವೇ, ಎತ್ತರ, ದಿಕ್ಕು, ಗಾಳಿಯ ಒತ್ತಡದ ಅಂಕಿ, ಇಷ್ಟನ್ನೂ ಅವರಿಗೇ ತಿರುಗಿ ಹೇಳಬೇಕು. ಇದೇ ರೀಡ್‌ಬ್ಯಾಕ್. ಸುಮ್ನೆ "ರೋಜರ್" (ಕೇಳಿಸಿತು) ಅಂದರೆ ಸಾಲದು. ನಾವು ತಪ್ಪಾಗಿ ಕೇಳಿಸಿಕೊಂಡಿದ್ದರೆ ಸಿಕ್ಕಿಬೀಳುವುದು ಅಲ್ಲೇ. ಕೇಳಿಸಲಿಲ್ಲವಾ? "ಸೇ ಅಗೇನ್" ಅನ್ನಬೇಕು, ಮುಲಾಜಿಲ್ಲದೆ.

ಇದನ್ನು ನಾನು ಪಳಗಿಸಿಕೊಂಡದ್ದು ಮನೆಯಲ್ಲೇ. ಅಮ್ಮ ಮಿಕ್ಸಿ ಹಾಕಿದಾಗ ತಂಗಿ ಅಡುಗೆಮನೆಯಿಂದ ಟವರ್ ಆಗಿ ಅಂಕಿಗಳನ್ನು ಓದುತ್ತಿದ್ದಳು. ನಾನು ನಡುಮನೆಯಲ್ಲಿ ಕೂತು ಹಾಳೆ ಮೇಲೆ ಗೀಚಿಕೊಂಡು ತಿರುಗಿ ಹೇಳಬೇಕು. ಅವಳು ಮಧ್ಯೆ ಮಧ್ಯೆ ಬೇಕಂತಲೇ ನುಂಗಿ ಮಾತಾಡುತ್ತಿದ್ದಳು. ಮೊದಮೊದಲು "ಸೇ ಅಗೇನ್" ಅನ್ನುವುದಕ್ಕೇ ನಾಚಿಕೆ, ಅದೂ ತಂಗಿಯ ಹತ್ತಿರ!

ಬಸ್ಸಿನಲ್ಲಿ ಮೈಸೂರಿಗೆ ಹೋಗುವಾಗ ಕಿಟಕಿ ಪಕ್ಕ ಕೂತು ಗಾಡಿಗಳ ನಂಬರ್ ಓದುತ್ತಿದ್ದೆ. ರೇಡಿಯೋದಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಪದ, ಕೆ ಅಂದರೆ ಕಿಲೋ, ಎ ಅಂದರೆ ಆಲ್ಫಾ. ಹಾಗಾಗಿ ಕೆಎ 11 ಅಂದರೆ ಕಿಲೋ ಆಲ್ಫಾ ವನ್ ವನ್. ಶ್ರೀರಂಗಪಟ್ಟಣ ದಾಟಿದರೆ ಕೆಎ 09 ಜಾಸ್ತಿ, ಕಿಲೋ ಆಲ್ಫಾ ಜೀರೋ ನೈನರ್. ಗರಗರ ಸದ್ದಿನಲ್ಲಿ ನೈನ್ ಹೋಗಿ ಫೈವ್ ಅಂತ ಕೇಳಿಸಬಾರದಲ್ಲ, ಅದಕ್ಕೇ ನೈನರ್. ಪಕ್ಕದವರು ಒಂಥರಾ ನೋಡುತ್ತಿದ್ದರು, ನೋಡಲಿ ಬಿಡಿ. ಮೈಸೂರಿನ ರನ್‌ವೇ ಒಂದು ತುದಿಗೆ 09, ಇನ್ನೊಂದು ತುದಿಗೆ 27. ಆರ್‌ಟಿಓ ನಂಬರೂ ರನ್‌ವೇ ನಂಬರೂ ಒಂದೇ ಆಗಿದ್ದು ನನ್ನ ಪುಣ್ಯ.

ರೇಡಿಯೋದಲ್ಲಿ ಮಾತಾಡುವ ಬಟನ್ ಒತ್ತುವ ಮೊದಲು ಮಾತು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತೇನೆ: ಯಾರನ್ನು ಕರೆಯುತ್ತಿದ್ದೇನೆ, ನಾನ್ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರ, ಏನು ಬೇಕು. ಬೇರೆಯವರು ಮಾತಾಡುತ್ತಿದ್ದರೆ ಕಾಯಬೇಕು. ಇಬ್ಬರೂ ಒಟ್ಟಿಗೆ ಒತ್ತಿದರೆ ಬರೀ ಕಿರ್ರ್ ಅನ್ನುವ ಸದ್ದು.

ದಾಕ್ಷಿಣ್ಯದ ಮಾತಿಗೆ ಬಂದರೆ, 1990ರ ಜನವರಿ 25ರಂದು ನ್ಯೂಯಾರ್ಕ್ ಹತ್ತಿರ ಬಿದ್ದ ಆವಿಯಾಂಕಾ 52 ವಿಮಾನದ ಸಂಭಾಷಣೆಯನ್ನು ಪ್ರತಿ ಪೈಲಟ್ಟೂ ಓದಬೇಕು. ಇಂಧನ ಖಾಲಿಯಾಗುತ್ತಿದೆ ಅಂತ ಅವರು ಹೇಳಿದ್ದರು. ಆದರೆ ಪ್ರಾಣಾಪಾಯದಲ್ಲಿ ಕೂಗುವ "ಮೇಡೇ" ಅನ್ನಲಿಲ್ಲ, "ಎಮರ್ಜೆನ್ಸಿ" ಅನ್ನಲೂ ಇಲ್ಲ. ಸುತ್ತಿಸಿ ಕರೆದುಕೊಂಡು ಬರುತ್ತೇವೆ, ನಿಮ್ಮ ಇಂಧನಕ್ಕೆ ಪರವಾಗಿಲ್ಲವಾ ಅಂತ ಕಂಟ್ರೋಲರ್ ಕೇಳಿದಾಗ ಬಂದ ಉತ್ತರ, ಪರವಾಗಿಲ್ಲ ಅನ್ಸುತ್ತೆ, ತುಂಬಾ ಥ್ಯಾಂಕ್ಸ್ ಅನ್ನುವ ಧಾಟಿಯದು. ಸ್ವಲ್ಪ ಹೊತ್ತಿಗೆ ಎಂಜಿನ್‌ಗಳು ನಿಂತವು. 73 ಜನ ಸತ್ತರು. ಆ ಥ್ಯಾಂಕ್ಸ್ ಓದಿದಾಗ ನನಗೆ ನಮ್ಮೂರಿನವರ ದನಿಯೇ ಕೇಳಿಸಿತು.

ಇಷ್ಟಾದರೂ ಇಂಗ್ಲಿಷ್ ಬೇಡವೇ ಬೇಡ ಅನ್ನುತ್ತಿಲ್ಲ. ಅಂತಾರಾಷ್ಟ್ರೀಯ ಹಾರಾಟಕ್ಕೆ ಐಸಿಎಓ, ಅಂದರೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಭಾಷಾ ಮಾಪನದಲ್ಲಿ ಕನಿಷ್ಠ ಲೆವೆಲ್ 4 ಬೇಕು. ಆರು ಲೆವೆಲ್‌ಗಳಿವೆ. ನಾಲ್ಕರಲ್ಲಿದ್ದವರು ಮತ್ತೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ, ಆರು ಬಂದವರಿಗೆ ಆ ತಾಪತ್ರಯ ಇಲ್ಲ. ಅಲ್ಲಿ ಬಾಯಿಪಾಠದ ವಾಕ್ಯ ಸಾಲದು. ಪ್ರಯಾಣಿಕನಿಗೆ ಎದೆನೋವು, ರನ್‌ವೇ ಮೇಲೆ ನಾಯಿ, ಕ್ಯಾಬಿನ್‌ನಲ್ಲಿ ಸುಟ್ಟ ವಾಸನೆ, ಇಂಥದ್ದನ್ನೆಲ್ಲ ಸ್ವಂತ ಮಾತಿನಲ್ಲಿ ಹೇಳಲು ಬರಬೇಕು. ನಾವು ರೂಮಿನ ಹುಡುಗರು ಸಂಜೆ ಟೀ ಕುಡಿಯುತ್ತಾ ಒಬ್ಬರಿಗೊಬ್ಬರು ಇಂಥ ಸಂಕಟಗಳನ್ನು ತಂದೊಡ್ಡುತ್ತಿದ್ದೆವು. ವ್ಯಾಕರಣ ತಪ್ಪಿದರೆ ಯಾರೂ ನಗುವ ಹಾಗಿರಲಿಲ್ಲ. ವಿಷಯ ತಲುಪದಿದ್ದರೆ ಮಾತ್ರ ಆವತ್ತಿನ ಟೀ ದುಡ್ಡು ಅವನದೇ.