ಕೆಸರು, ಕೊರಕಲು, ಕಡಿದಾದ ಏರು: ಡಿಫರೆನ್ಷಿಯಲ್ ಲಾಕ್ ಬಳಸುವ ಕ್ರಮ

ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮಣ್ಣುದಾರಿಗಳಲ್ಲಿ ಫೋರ್ ವೀಲ್ ಡ್ರೈವ್ ವಾಹನಗಳೂ ಸಿಕ್ಕಿಬೀಳುತ್ತವೆ. ನೀರು ಕೊರೆದ ಕೊರಕಲಿಗೆ ವಾಹನ ಓರೆಯಾಗಿ ಇಳಿದಾಗ ಮುಂದಿನ ಒಂದು ಚಕ್ರವೂ ಅದಕ್ಕೆ ಎದುರು ಮೂಲೆಯ ಹಿಂದಿನ ಚಕ್ರವೂ ಹಿಡಿತ ಕಳೆದುಕೊಂಡು ಬರಿದೇ ತಿರುಗುತ್ತಿರುತ್ತವೆ. ಗಟ್ಟಿ ನೆಲದ ಮೇಲಿರುವ ಉಳಿದೆರಡು ಚಕ್ರಗಳು ಮಾತ್ರ ಕದಲುವುದಿಲ್ಲ. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರ ಉರುಳಬೇಕಾದ್ದರಿಂದ, ಒಂದೇ ಆಕ್ಸಲ್‌ನ ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆ ಅವಕಾಶ ಕೊಡುತ್ತದೆ. ಆದರೆ ಅದು ಎರಡೂ ಬದಿಗೆ ಸಮಾನ ಟಾರ್ಕ್ (ತಿರುಗಿಸುವ ಬಲ) ಕಳಿಸುವುದರಿಂದ, ಹಿಡಿತವಿಲ್ಲದ ಚಕ್ರವನ್ನು ತಿರುಗಿಸಲು ಎಷ್ಟು ಅಲ್ಪ ಬಲ ಸಾಕೋ ಅಷ್ಟೇ ಬಲ ಹಿಡಿತವಿರುವ ಚಕ್ರಕ್ಕೂ ಸಿಗುತ್ತದೆ. ಲಾಕ್ ಈ ಎರಡು ಚಕ್ರಗಳನ್ನು ಒಂದೇ ದಂಡದಂತೆ ಬಿಗಿದು, ನೆಲ ಸಿಕ್ಕ ಚಕ್ರ ಪೂರ್ಣ ಬಲದಿಂದ ತಳ್ಳುವಂತೆ ಮಾಡುತ್ತದೆ.

ಬಳಸುವ ಮೊದಲು ನಿಮ್ಮ ವಾಹನದಲ್ಲಿ ಇರುವುದು ಯಾವ ಬಗೆಯದು ಎಂಬುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಒಂದಕ್ಕೆ ಸರಿಯಾದ ಕ್ರಮ ಇನ್ನೊಂದಕ್ಕೆ ಸರಿಯಾಗುವುದಿಲ್ಲ. ಫೋರ್ಸ್ ಗೂರ್ಖಾದಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳೆರಡಕ್ಕೂ ಚಾಲಕನೇ ಹಾಕಬೇಕಾದ ಯಾಂತ್ರಿಕ ಲಾಕ್‌ಗಳಿವೆ. 2020ರಲ್ಲಿ ಬಂದ ಮಹೀಂದ್ರಾ ಥಾರ್‌ನ ಕೆಲವು ಆವೃತ್ತಿಗಳಲ್ಲಿ ಹಿಂದಿನ ಲಾಕ್‌ಗೆ ಸ್ವಿಚ್ಚೇ ಇಲ್ಲ. ಎರಡು ಚಕ್ರಗಳ ವೇಗದ ಅಂತರ ನಿಮಿಷಕ್ಕೆ ಸುಮಾರು 100 ಸುತ್ತು ತಲುಪಿದಾಗ ಅದು ತಾನಾಗಿ ಬೀಳುತ್ತದೆ. ಮಾರುತಿ ಜಿಮ್ನಿಯಲ್ಲಿ ಯಾಂತ್ರಿಕ ಲಾಕ್ ಇರುವುದಿಲ್ಲ. ಜಾರುತ್ತಿರುವ ಚಕ್ರಕ್ಕೆ ಎಲೆಕ್ಟ್ರಾನಿಕ್ ವ್ಯವಸ್ಥೆ ಬ್ರೇಕ್ ಹಾಕಿ ಬಲವನ್ನು ಇನ್ನೊಂದು ಬದಿಗೆ ತಿರುಗಿಸುತ್ತದೆ. ಕೊನೆಯ ಎರಡು ಬಗೆಗಳಲ್ಲಿ ಚಕ್ರ ಸ್ವಲ್ಪ ಜಾರಿದಾಗಲೇ ಕೆಲಸ ಶುರುವಾಗುವುದರಿಂದ, ಜಾರಿದ ಕೂಡಲೇ ಗಾಬರಿಯಿಂದ ಎಕ್ಸಲರೇಟರ್ ಬಿಟ್ಟುಬಿಡಬಾರದು. ಹದವಾಗಿ ಒತ್ತಿಹಿಡಿದು ಕ್ಷಣಕಾಲ ಕಾಯಬೇಕು.

ಚಾಲಕನೇ ಹಾಕುವ ಲಾಕ್‌ನ ಕ್ರಮ ಇದಕ್ಕೆ ತದ್ವಿರುದ್ಧ. ಅದರೊಳಗೆ ಹಲ್ಲಿಗೆ ಹಲ್ಲು ಕೂಡಿಕೊಳ್ಳಬೇಕಾದ ಭಾಗಗಳಿರುವುದರಿಂದ, ಒಂದು ಚಕ್ರ ರಭಸದಿಂದ ತಿರುಗುತ್ತಿರುವಾಗ ಲಾಕ್ ಹಾಕಿದರೆ ಆ ಹಲ್ಲುಗಳು ಮುರಿಯಬಹುದು, ಆಕ್ಸಲ್ ಶಾಫ್ಟ್ ಕೂಡ ತುಂಡಾಗಬಹುದು. ಆದ್ದರಿಂದ ಕಷ್ಟದ ಜಾಗಕ್ಕೆ ಮೊದಲೇ ವಾಹನ ನಿಲ್ಲಿಸಿ, ಇಳಿದು ನಡೆದು ನೋಡಿ, ಯಾವ ಚಕ್ರ ಎಲ್ಲಿ ಎತ್ತಿಕೊಳ್ಳಬಹುದು, ದಾಟಿದ ಮೇಲೆ ನೇರವಾಗಿ ನಿಲ್ಲಲು ಜಾಗವಿದೆಯೇ ಎಂಬುದನ್ನು ಅಂದಾಜು ಮಾಡಿ. ಬಳಿಕ ಸ್ಟೀರಿಂಗ್ ನೇರ ಮಾಡಿ, ಫೋರ್ ಲೋ (ನಾಲ್ಕೂ ಚಕ್ರಗಳಿಗೆ ನಿಧಾನವಾಗಿ ಹೆಚ್ಚು ಬಲ ಕೊಡುವ ಸ್ಥಾನ) ಹಾಕಿ, ಆಮೇಲೆ ಹಿಂದಿನ ಲಾಕ್ ಹಾಕಿ. ಲಿವರ್ ಎಳೆದ ಅಥವಾ ಸ್ವಿಚ್ ಒತ್ತಿದ ಮಾತ್ರಕ್ಕೆ ಲಾಕ್ ಬಿತ್ತೆಂದು ತಿಳಿಯಬೇಡಿ. ಡ್ಯಾಶ್‌ಬೋರ್ಡ್‌ನ ದೀಪ ಮಿನುಗುತ್ತಿದ್ದರೆ ಹಲ್ಲುಗಳು ಇನ್ನೂ ಹೊಂದಿಕೊಂಡಿಲ್ಲವೆಂದು ಅರ್ಥ. ಕ್ಲಚ್ ಮೆಲ್ಲಗೆ ಬಿಟ್ಟು ಒಂದೆರಡು ಅಡಿ ತೆವಳಿದರೆ ಸಾಮಾನ್ಯವಾಗಿ ಸಣ್ಣ ‘ಟಕ್’ ಸದ್ದಿನೊಂದಿಗೆ ದೀಪ ಸ್ಥಿರವಾಗುತ್ತದೆ. ಈಗಾಗಲೇ ಸಿಕ್ಕಿಬಿದ್ದಿದ್ದರೆ ಎಕ್ಸಲರೇಟರ್ ಪೂರ್ತಿ ಬಿಟ್ಟು, ಚಕ್ರಗಳು ನಿಂತ ಮೇಲೆಯೇ ಲಾಕ್‌ಗೆ ಕೈ ಹಾಕಿ.

ಮುಂದಿನ ಲಾಕ್ ಹಿಂದಿನದು ಸಾಲದೆಹೋದಾಗ ಮಾತ್ರ ಬಳಸಬೇಕಾದದ್ದು. ಅದು ಬಿದ್ದೊಡನೆ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಗುತ್ತದೆ, ಬಲವಂತವಾಗಿ ತಿರುಗಿಸಿದರೂ ವಾಹನ ನೇರಕ್ಕೇ ಎಳೆಯುತ್ತದೆ. ಸ್ಟೀರಿಂಗನ್ನು ಒಂದೇ ಬದಿಗೆ ಪೂರ್ತಿ ತಿರುಗಿಸಿಕೊಂಡು ಬಲ ಕೊಟ್ಟರೆ ಮುಂದಿನ ಆಕ್ಸಲ್‌ನ ಜಾಯಿಂಟ್ ಮುರಿಯುವುದು ಸುಲಭ. ಹತ್ತಿಪ್ಪತ್ತು ಅಡಿ ನೇರವಾಗಿ ದಾಟಿ ಕೂಡಲೇ ಅದನ್ನು ಬಿಡಿಸಬೇಕು. ತೆಗೆಯುವಾಗಲೂ ಮೊದಲು ಮುಂದಿನದು, ನಂತರ ಹಿಂದಿನದು.

ಗದ್ದೆ ಉಳುಮೆ ಮಾಡುವವರಿಗೆ ಈ ಗುಣ ಹೊಸತಲ್ಲ. ಟ್ರಾಕ್ಟರಿನ ಒಂದು ಚಕ್ರ ಕೆಸರಲ್ಲಿ ಜಾರಿದಾಗ ಲಾಕ್ ಪೆಡಲ್ ಒತ್ತಿ, ಗದ್ದೆಯ ಅಂಚಿನಲ್ಲಿ ತಿರುಗಿಸುವ ಮೊದಲು ಕಾಲು ತೆಗೆಯುವ ಅಭ್ಯಾಸ ಅವರಿಗೆ ಇರುತ್ತದೆ. ಜೀಪಿನಲ್ಲಿ ಸ್ವಿಚ್ ಒತ್ತಿದ ಮೇಲೆ ಅದು ಹಾಗೆಯೇ ಉಳಿಯುವುದರಿಂದ ಮರೆವಿಗೆ ಹೆಚ್ಚು ಅವಕಾಶವಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಲಾಕ್ ಹಾಕುವುದಕ್ಕಿಂತ ಸಕಾಲದಲ್ಲಿ ತೆಗೆಯುವುದನ್ನೇ ಹೊಸಬರಿಗೆ ಮೊದಲು ಕಲಿಸಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಓರೆ ಇಳಿಜಾರಿನಲ್ಲಿ. ಲಾಕ್ ಇಲ್ಲದಿದ್ದಾಗ ಜಾರುವ ನೆಲದಲ್ಲಿ ಒಂದು ಚಕ್ರ ಬರಿದೇ ತಿರುಗಿದರೂ ಜೊತೆಯ ಚಕ್ರ ನೆಲವನ್ನು ಕಚ್ಚಿ ವಾಹನವನ್ನು ಅಡ್ಡಕ್ಕೆ ಜಾರದಂತೆ ಹಿಡಿದಿರುತ್ತದೆ. ಲಾಕ್ ಇದ್ದಾಗ ಎರಡೂ ಒಟ್ಟಿಗೆ ಜಾರುತ್ತವೆ, ಆಗ ವಾಹನದ ಹಿಂಭಾಗ ಕಣಿವೆಯ ಬದಿಗೆ ಸರಿಯುತ್ತದೆ, ಕೆಳಬದಿಯ ಚಕ್ರಕ್ಕೆ ಕಲ್ಲೋ ಬೇರೋ ತಗುಲಿದರೆ ವಾಹನ ಮಗುಚಲೂಬಹುದು. ಹಾಗಾಗಿ ಒದ್ದೆ ಮಣ್ಣಿನ ಓರೆ ದಾರಿಯಲ್ಲಿ ಲಾಕ್ ತೆಗೆದೇ ಸಾಗಿ. ಅದಿಲ್ಲದೆ ದಾಟಲಾಗದೆಂದು ಕಂಡರೆ ಆ ದಾರಿಯನ್ನೇ ಬಿಡಿ. ಕಡಿದಾದ ಇಳುಕಲಿನಲ್ಲಿ ಮುಂದಿನ ಲಾಕ್ ಬೇಡವೇ ಬೇಡ, ಅಲ್ಲಿ ನಿಮಗೆ ಬೇಕಾದದ್ದು ಸ್ಟೀರಿಂಗ್.

ಏರಿನ ಮಧ್ಯೆ ವಾಹನ ನಿಂತುಹೋದರೆ ತಿರುಗಿಸಲು ಯತ್ನಿಸಬೇಡಿ, ನ್ಯೂಟ್ರಲ್‌ಗೂ ತರಬೇಡಿ. ಬ್ರೇಕ್ ಒತ್ತಿಹಿಡಿದು, ಫೋರ್ ಲೋನಲ್ಲೇ ರಿವರ್ಸ್ ಗೇರ್ ಹಾಕಿ, ಹತ್ತಿದ ಜಾಡಿನಲ್ಲೇ ಎಂಜಿನ್ ಹಿಡಿತದಲ್ಲಿ ನೇರವಾಗಿ ಹಿಂದಕ್ಕೆ ಇಳಿಯಿರಿ. ಇನ್ನೊಂದು ಮಾತು: ಟೈರ್ ಬದಲಿಸಲು ಜಾಕ್ ಮೇಲೆ ಒಂದು ಚಕ್ರ ಎತ್ತಿದ್ದಾಗ, ಲಾಕ್ ಬಿದ್ದಿರುವ ವಾಹನವನ್ನು ಗೇರಿಗೆ ಹಾಕಿದರೆ ನೆಲದ ಮೇಲಿರುವ ಚಕ್ರ ಅದನ್ನು ಜಾಕ್‌ನಿಂದ ಕೆಳಕ್ಕೆ ನೂಕುತ್ತದೆ. ಆ ಹೊತ್ತಿಗೆ ಎಂಜಿನ್ ಬಂದ್ ಆಗಿರಲೇಬೇಕು.

ಅಡ್ಡಿ ದಾಟಿದ ಕೂಡಲೇ ನೇರ ನೆಲದಲ್ಲಿ ನಿಲ್ಲಿಸಿ ಲಾಕ್ ತೆಗೆಯಿರಿ. ಸ್ವಿಚ್ ತೆಗೆದರೂ ದೀಪ ಆರದಿದ್ದರೆ ವ್ಯವಸ್ಥೆ ಕೆಟ್ಟಿದೆಯೆಂದು ಹೆದರಬೇಕಿಲ್ಲ. ಬಿಗಿತದಿಂದ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಕೆಲವು ಅಡಿ ಹಿಂದಕ್ಕೆ, ಮತ್ತೆ ಮುಂದಕ್ಕೆ ನಿಧಾನವಾಗಿ ಚಲಿಸಿ, ಸ್ಟೀರಿಂಗನ್ನು ತುಸು ಎಡಕ್ಕೂ ಬಲಕ್ಕೂ ಆಡಿಸಿದರೆ ಬಿಗಿತ ಸಡಿಲಿ ಲಾಕ್ ಬಿಡುತ್ತದೆ. ದೀಪ ಆರುವವರೆಗೆ ಡಾಂಬರು ರಸ್ತೆಗೆ ಹತ್ತಬೇಡಿ, ಏಕೆಂದರೆ ಗಟ್ಟಿ ನೆಲದಲ್ಲಿ ಚಕ್ರಗಳಿಗೆ ಜಾರಲು ಎಡೆಯಿಲ್ಲದೆ ಆ ಒತ್ತಡವೆಲ್ಲ ಶಾಫ್ಟ್ ಮತ್ತು ಗೇರುಗಳ ಮೇಲೆ ಬೀಳುತ್ತದೆ, ಅನೇಕ ವಾಹನಗಳಲ್ಲಿ ಲಾಕ್ ಇರುವಷ್ಟು ಹೊತ್ತು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕೂಡ ಕೆಲಸ ಮಾಡುವುದಿಲ್ಲ. ಬೇಕಾದಾಗ ಮಾತ್ರ ಹಾಕುವ ಬಗೆಯ ಫೋರ್ ವೀಲ್ ಡ್ರೈವ್ ಆಗಿದ್ದರೆ ಟೂ ಹೈಗೆ (ಎರಡೇ ಚಕ್ರಗಳಿಗೆ ಬಲ ಹೋಗುವ ಸಾಮಾನ್ಯ ರಸ್ತೆಯ ಸ್ಥಾನಕ್ಕೆ) ತನ್ನಿ, ಕೆಸರಿಗೆಂದು ಟೈರ್ ಗಾಳಿ ಇಳಿಸಿದ್ದರೆ ಮತ್ತೆ ತುಂಬಿಸಿ, ಆಮೇಲೆ ವೇಗ ಹಿಡಿಯಿರಿ.